ಸ್ಟೀಲ್ ಟ್ಯಾಂಕಿಗೂ ತೂತು ಬಿತ್ತು: ಪೊಟ್ಯಾಷ್, ಬೋರ್ ನೀರು ಮತ್ತು 304ರ ಮಿತಿ

ಕಳೆದ ಸಂಕ್ರಾಂತಿಗೆ ಎರಡು ದಿನ ಮುಂಚೆ ಬೆಳಿಗ್ಗೆ ತೋಟಕ್ಕೆ ಹೋದಾಗ ಗೊಬ್ಬರ ಕರಗಿಸೋ ಟ್ಯಾಂಕಿನ ಕೆಳಗೆ ನೆಲ ಒದ್ದೆಯಾಗಿತ್ತು. ರಾತ್ರಿ ಇಬ್ಬನಿ ಜಾಸ್ತಿ ಬಿದ್ದಿರಬೇಕು ಅಂದ್ಕೊಂಡೆ. ಮಾರನೇ ದಿನವೂ ಒದ್ದೆ. ಬಗ್ಗಿ ನೋಡಿದರೆ ಟ್ಯಾಂಕಿನ ತಳದಲ್ಲಿ ಟೀ ಕಲೆಯಂಥ ಒಂದು ಕಂದು ಚುಕ್ಕಿ, ಅದರ ಮೇಲೆ ಒಂದು ಹನಿ ನೀರು. ಬೆರಳಲ್ಲಿ ಒರೆಸಿದೆ. ಒಂದು ನಿಮಿಷಕ್ಕೆ ಮತ್ತೆ ಹನಿ ಬಂತು.

ಅದು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು. 500 ಲೀಟರ್, 2 ಎಂಎಂ ಶೀಟು, 22,000 ರೂಪಾಯಿ ಕೊಟ್ಟು ಪೇಟೆಯ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಮಾಡಿಸಿದ್ದು. ಕೂರಿಸಿ 14 ತಿಂಗಳಾಗಿತ್ತು ಅಷ್ಟೇ. ‘ಪ್ಲಾಸ್ಟಿಕ್ ಡ್ರಮ್ಮೇ ಸಾಕಲ್ವೇನೋ’ ಅಂದಿದ್ದ ಅಪ್ಪನಿಗೆ, ‘ಇದಾದ್ರೆ ನಮ್ಮ ಮಕ್ಕಳ ಕಾಲಕ್ಕೂ ಬರುತ್ತೆ’ ಅಂತ ಹೇಳಿ ನಾನೇ ಒಪ್ಪಿಸಿದ್ದೆ.

ಆವತ್ತು ರಾತ್ರಿ ಟ್ಯಾಂಕ್ ಖಾಲಿ ಮಾಡಿ, ಮೊಬೈಲ್ ಟಾರ್ಚ್ ಆನ್ ಮಾಡಿ ಒಳಗಿಟ್ಟು ಮುಚ್ಚಳ ಹಾಕಿದೆ. ಹೊರಗೆ ಕತ್ತಲಲ್ಲಿ ನಿಂತು ನೋಡಿದರೆ ತಳದ ವೆಲ್ಡಿಂಗ್ ಪಕ್ಕದಲ್ಲಿ ಐದು ಕಡೆ ಸೂಜಿಮೊನೆಯಷ್ಟು ಬೆಳಕು. ಉಳಿದ ಟ್ಯಾಂಕು ಮಾತ್ರ ಹೊಸದರ ಹಾಗೆ ಫಳಫಳ ಅಂತಿತ್ತು.

ನಮ್ಮದು ಹಿರಿಯೂರು ಕಡೆ, ಎರಡೂವರೆ ಎಕರೆ ದಾಳಿಂಬೆ. ಕಾಯಿ ದಪ್ಪ ಆಗೋ ಸಮಯ, ಪೊಟ್ಯಾಷ್ ಕೊಡಲೇಬೇಕಾದ ವಾರ. ಟ್ಯಾಂಕ್ ಕೈಕೊಟ್ಟಿದ್ದರಿಂದ ಒಂಬತ್ತು ದಿನ ಡ್ರಿಪ್‌ನಲ್ಲಿ ಗೊಬ್ಬರ ಬಿಡೋಕೆ ಆಗಲಿಲ್ಲ.

ಅಂಗಡಿಯವರ ಮೇಲೆ ಜಗಳ

ಮಾರನೇ ದಿನ ಸೀದಾ ಅಂಗಡಿಗೆ ಹೋಗಿ ಕೂಗಾಡಿದೆ. ‘304 ಅಂತ ಬಿಲ್ ಮಾಡಿ 202 ಶೀಟ್ ಹಾಕಿದ್ದೀರಿ’ ಅಂದೆ. ಹಾಗನ್ನೋಕೆ ಕಾರಣ ಇತ್ತು. 202 ಅನ್ನೋದು ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲು. ನೋಡೋಕೆ ಎರಡೂ ಒಂದೇ ಥರ. ಅಂಗಡಿಯವರು ಜಾಸ್ತಿ ಮಾತಾಡಲಿಲ್ಲ. ಮುಚ್ಚಳದ ಅಂಚಿಂದ ಒಂದು ತುಂಡು ಕತ್ತರಿಸಿ ಕೊಟ್ಟು, ‘ಲ್ಯಾಬಿಗೆ ಕಳಿಸಿ ಅಣ್ಣ, 202 ಅಂತ ಬಂದ್ರೆ ಹೊಸ ಟ್ಯಾಂಕು ಫ್ರೀಯಾಗಿ ಮಾಡ್ಕೊಡ್ತೀನಿ’ ಅಂದರು.

ಬೆಂಗಳೂರಿನ ಲ್ಯಾಬಿಂದ ವರದಿ ಬಂತು. ಕ್ರೋಮಿಯಂ 18ರ ಮೇಲೆ, ನಿಕಲ್ 8ರ ಮೇಲೆ. ಅಂದರೆ ಪಕ್ಕಾ 304. ಶೀಟಿನಲ್ಲಿ ಮೋಸ ಇರಲಿಲ್ಲ.

ಹಾಗಾದರೆ ತಪ್ಪು ಎಲ್ಲಿ? ಉತ್ತರ ಸಿಕ್ಕಿದ್ದು ಹಬ್ಬಕ್ಕೆ ಬಂದಿದ್ದ ನಮ್ಮ ಭಾವನ ಹತ್ತಿರ. ಅವರು ಪೂರ್ವ ಕರಾವಳಿಯ ಒಂದು ಗೊಬ್ಬರ ಕಾರ್ಖಾನೆಯಲ್ಲಿ ಫಾಸ್ಫಾರಿಕ್ ಆಮ್ಲ ತಯಾರಾಗೋ ವಿಭಾಗದ ಮೇಂಟೆನೆನ್ಸ್‌ನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಟ್ಯಾಂಕಿನ ತಳ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಇದರಲ್ಲಿ ಏನು ಹಾಕ್ತಿದ್ದೆ?’

‘ಬಿಳಿ ಪೊಟ್ಯಾಷ್ ಭಾವ. ಎಂಒಪಿ.’

‘ಅಲ್ಲಯ್ಯಾ, ಉಪ್ಪುನೀರು ತುಂಬಿಟ್ಟು ಸ್ಟೀಲಿಗೆ ಬೈತೀಯಾ?’

ಸ್ಟೀಲಿಗೆ ತುಕ್ಕು ಯಾಕೆ ಹಿಡಿಯಲ್ಲ?

ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆಸಿದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಆಗುತ್ತೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಲೋಹದ ಮೇಲೆ ಒಂದು ಪೊರೆ ಕಟ್ಟುತ್ತೆ. ಆ ಪೊರೆ ಕೆಲವೇ ನ್ಯಾನೋಮೀಟರ್ ದಪ್ಪ. ನಮ್ಮ ತಲೆಕೂದಲಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ತೆಳು. ಕಣ್ಣಿಗೆ ಕಾಣಲ್ಲ. ಆದರೆ ಸ್ಟೀಲನ್ನು ಕಾಯೋದು ಅದೇ. ಗೀರು ಬಿದ್ದರೂ, ಅಲ್ಲಿ ಆಮ್ಲಜನಕ ಸಿಕ್ಕರೆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತೆ. ಮರದ ತೊಗಟೆಗೆ ಗಾಯವಾದರೆ ಮಾಯೋ ಹಾಗೆ.

ಈ ಪೊರೆಗೆ ದೊಡ್ಡ ಶತ್ರು ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ, ಸಮುದ್ರದ ನೀರಲ್ಲಿ, ಸವಳು ಬೋರ್ ನೀರಲ್ಲಿ ಇರೋದು ಇದೇ. ಎಂಒಪಿ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದರಲ್ಲೂ ಇದೇ.

ಕ್ಲೋರೈಡ್ ಇಡೀ ಟ್ಯಾಂಕನ್ನು ಒಂದೇ ಸಮನೆ ತಿನ್ನಲ್ಲ. ಪೊರೆ ಎಲ್ಲಿ ದುರ್ಬಲವೋ ಅಲ್ಲಿ ಒಂದು ಸಣ್ಣ ಜಾಗ ಹುಡುಕುತ್ತೆ: ವೆಲ್ಡಿಂಗ್ ಪಕ್ಕ, ಗ್ಯಾಸ್ಕೆಟ್ ಅಡಿ, ತಳದಲ್ಲಿ ಕೂತ ಗಸಿಯ ಕೆಳಗೆ. ಅಲ್ಲೊಂದು ಸಣ್ಣ ಗುಳಿ ಬೀಳುತ್ತೆ. ಗುಳಿಯೊಳಗೆ ಆಮ್ಲಜನಕ ಹೋಗಲ್ಲ, ಹಾಗಾಗಿ ಪೊರೆ ಮತ್ತೆ ಕಟ್ಟಲ್ಲ. ಕರಗಿದ ಲೋಹ ನೀರಿನ ಜೊತೆ ಸೇರಿ ಅಲ್ಲೇ ಆಮ್ಲ ಹುಟ್ಟುತ್ತೆ. ಆ ಆಮ್ಲದ ಕಡೆಗೆ ಇನ್ನಷ್ಟು ಕ್ಲೋರೈಡ್ ಎಳೆದುಕೊಂಡು ಬರುತ್ತೆ. ಗುಳಿ ಒಳಗೊಳಗೇ ಬೆಳೆಯುತ್ತೆ.

ಗೆದ್ದಲು ಹಿಡಿದ ಬಾಗಿಲು ನೋಡಿದ್ದೀರಲ್ಲ? ಹೊರಗೆ ಬಣ್ಣ ಚೆನ್ನಾಗೇ ಇರುತ್ತೆ, ಬೆರಳಿಟ್ಟು ಒತ್ತಿದರೆ ಒಳಗೆ ಟೊಳ್ಳು. ಇದೂ ಹಾಗೇ. ಕಬ್ಬಿಣದ ಟ್ಯಾಂಕು ತುಕ್ಕು ಹಿಡಿದರೆ ವರ್ಷಗಟ್ಟಲೆ ಮೊದಲೇ ಕಣ್ಣಿಗೆ ಕಾಣುತ್ತೆ. ಸ್ಟೀಲು ಹೇಳದೇ ಕೇಳದೇ ತೂತಾಗುತ್ತೆ.

ನನ್ನ ಟ್ಯಾಂಕಿನ ಲೆಕ್ಕ

ಭಾವ ನನ್ನ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಲೆಕ್ಕ ಹಾಕಿಸಿದರು.

ಎಂಒಪಿಯಲ್ಲಿ ತೂಕದ ಸುಮಾರು ಶೇ 45ರಿಂದ 47 ಭಾಗ ಕ್ಲೋರೈಡೇ. ನಾನು 500 ಲೀಟರ್ ನೀರಿಗೆ 10 ಕೆಜಿ ಹಾಕ್ತಿದ್ದೆ. ಅಂದರೆ ಕಡಿಮೆ ಅಂದರೂ ನಾಲ್ಕೂವರೆ ಕೆಜಿ ಕ್ಲೋರೈಡ್. ಲೀಟರಿಗೆ 9,000 ಮಿಲಿಗ್ರಾಂ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಇರುತ್ತೆ. ಹಿರಿಯೂರಿನ ತೋಟದಲ್ಲಿ ಅರ್ಧ ಸಮುದ್ರ ತಂದು ಟ್ಯಾಂಕಿಗೆ ತುಂಬಿದ್ದೆ.

ಅದೂ ತುಂಬಿ ತಕ್ಷಣ ಬಿಡ್ತಿದ್ನಾ? ಇಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಬಂತು. ಎಷ್ಟೋ ಸಲ ಕರಗಿಸಿದ ದ್ರಾವಣ ಎರಡು ಮೂರು ದಿನ ಟ್ಯಾಂಕಿನಲ್ಲೇ ನಿಂತಿರ್ತಿತ್ತು. ಬಿಟ್ಟ ಮೇಲೂ ತಳದಲ್ಲಿ ಉಳಿದ ಎರಡು ಇಂಚು ಹಾಗೇ ಬಿಸಿಲಿಗೆ ಒಣಗ್ತಿತ್ತು. ನೀರು ಆರಿದಷ್ಟೂ ಉಪ್ಪು ಗಟ್ಟಿ ಆಗುತ್ತೆ. ತೂತು ಬಿದ್ದಿದ್ದೂ ಸರಿಯಾಗಿ ಆ ಎರಡು ಇಂಚಿನ ಜಾಗದಲ್ಲೇ.

304 ಸ್ಟೀಲಿಗೆ ಎಷ್ಟು ಕ್ಲೋರೈಡ್ ತಡೆಯುತ್ತೆ? ತಣ್ಣನೆ, ಹರಿಯೋ, ಶುದ್ಧ ನೀರಿಗೆ ಎಂಜಿನಿಯರುಗಳು ಇಟ್ಟುಕೊಂಡಿರೋ ಸಾಮಾನ್ಯ ಮಿತಿ ಲೀಟರಿಗೆ ಸುಮಾರು 200 ಮಿಲಿಗ್ರಾಂ. 316ಕ್ಕೆ ಸುಮಾರು 1,000. ಆಮೇಲೆ ನನ್ನ ಬೋರ್ ನೀರು ಟೆಸ್ಟ್ ಮಾಡಿಸಿದೆ: 310. ಗೊಬ್ಬರ ಹಾಕೋ ಮೊದಲೇ 304ರ ಮಿತಿ ದಾಟಿತ್ತು!

304, 316, 904ಎಲ್: ನಂಬರ್ ಹಿಂದೆ ಏನಿದೆ?

‘ನಿಮ್ಮ ಕಾರ್ಖಾನೆಯಲ್ಲಿ ಆಸಿಡ್ಡೇ ಕುದಿಯುತ್ತಲ್ಲ ಭಾವ, ಅಲ್ಲಿ ಹೇಗೆ ತಡೆಯುತ್ತೆ?’ ಅಂದೆ.

ಅಲ್ಲಿ ರಾಕ್ ಫಾಸ್ಫೇಟ್ ಪುಡಿಗೆ ಗಂಧಕಾಮ್ಲ ಹಾಕಿ ಬಿಸಿಯಲ್ಲಿ ಕಲಕಿ ಫಾಸ್ಫಾರಿಕ್ ಆಮ್ಲ ತೆಗೀತಾರೆ. ನಾವು ಚೀಲಗಟ್ಟಲೆ ತರೋ ಡಿಎಪಿ ಹುಟ್ಟೋದು ಈ ಆಮ್ಲದಿಂದ. ಆ ಕಲ್ಲಿನ ಜೊತೆ ಕ್ಲೋರೈಡ್, ಫ್ಲೋರೈಡ್ ಎರಡೂ ಬರುತ್ತವೆ. ಆಮ್ಲ, ಬಿಸಿ, ಕ್ಲೋರೈಡ್, ಮರಳಿನಂತೆ ಉಜ್ಜೋ ಕಲ್ಲಿನ ಪುಡಿ, ಎಲ್ಲಾ ಒಟ್ಟಿಗೆ. ಅಂಥ ಕಡೆ 304 ನಿಲ್ಲಲ್ಲ. ಅಲ್ಲಿನ ಪಂಪು, ಕಲಕೋ ರೆಕ್ಕೆ, ಪೈಪುಗಳಿಗೆ ಹೆಚ್ಚು ಬೆರಕೆ ಲೋಹ ಹಾಕಿದ ಆಸ್ಟೆನಿಟಿಕ್ ಸ್ಟೀಲುಗಳನ್ನು ಬಳಸುತ್ತಾರೆ.

ಆಸ್ಟೆನಿಟಿಕ್ ಅನ್ನೋದು ಸ್ಟೀಲಿನ ಒಳಗೆ ಪರಮಾಣುಗಳು ಜೋಡಿಸಿಕೊಂಡಿರೋ ಒಂದು ರೀತಿಯ ಹೆಸರು. ರಾಬರ್ಟ್ಸ್-ಆಸ್ಟೆನ್ ಎಂಬ ಬ್ರಿಟಿಷ್ ಲೋಹವಿಜ್ಞಾನಿಯ ಹೆಸರಿಂದ ಬಂದಿದ್ದು. ನಮ್ಮ ಮನೆಯ ತಟ್ಟೆ ಲೋಟ, ಹಾಲಿನ ಕ್ಯಾನು, 304, 316 ಬಹುತೇಕ ಇದೇ ಕುಟುಂಬ. ಇದೇ ಕುಟುಂಬದ ಹಿರಿಯಣ್ಣಂದಿರು 904ಎಲ್, 254 ಎಸ್‌ಎಂಒ.

ಬೆರಕೆ ವಸ್ತುಗಳ ಪಟ್ಟಿ ಕೇಳಿದಾಗ ನನಗೆ ನಗು ಬಂತು. ಮಾಲಿಬ್ಡಿನಂ, ಮ್ಯಾಂಗನೀಸ್, ತಾಮ್ರ, ನಿಕಲ್, ಸಾರಜನಕ. ಅರ್ಧಕ್ಕರ್ಧ ನಮ್ಮ ಮೈಕ್ರೋನ್ಯೂಟ್ರಿಯಂಟ್ ಪ್ಯಾಕೆಟ್ ಮೇಲೆ ಇರೋ ಹೆಸರುಗಳೇ! ಬೆಳೆಗೆ ಒಂದೊಂದು ಪೋಷಕಾಂಶಕ್ಕೆ ಒಂದೊಂದು ಕೆಲಸ ಇರೋ ಹಾಗೆ ಸ್ಟೀಲಿಗೂ ಇದೆ:

- ಕ್ರೋಮಿಯಂ: ಪೊರೆ ಕಟ್ಟುತ್ತೆ.
- ಮಾಲಿಬ್ಡಿನಂ: ಕ್ಲೋರೈಡ್ ಗುಳಿ ಬೀಳೋದನ್ನು, ಬಿದ್ದ ಗುಳಿ ಬೆಳೆಯೋದನ್ನು ತಡೆಯುತ್ತೆ.
- ಸಾರಜನಕ: ಬೆರೆಯೋದು ತುಂಬಾ ಸ್ವಲ್ಪ. ಆದರೆ ಗುಳಿ ತಡೆಯೋದರಲ್ಲಿ ಬಲು ಜೋರು.
- ನಿಕಲ್: ಆಸ್ಟೆನಿಟಿಕ್ ರಚನೆ ಉಳಿಸುತ್ತೆ. ಜಾಸ್ತಿ ಇದ್ದರೆ ಬಿಸಿ ಉಪ್ಪುನೀರಲ್ಲಿ ಸ್ಟೀಲು ಬಿರುಕು ಬಿಡೋದನ್ನೂ ತಡೆಯುತ್ತೆ.
- ತಾಮ್ರ: ಗಂಧಕಾಮ್ಲ ತಡೆಯೋಕೆ ಸಹಾಯ.

ಕ್ಲೋರೈಡ್ ಗುಳಿಯನ್ನು ಯಾವ ಸ್ಟೀಲು ಎಷ್ಟು ತಡೆಯುತ್ತೆ ಅಂತ ಹೋಲಿಸೋಕೆ ಒಂದು ಸುಲಭ ಸೂತ್ರ ಇದೆ. ಪಿಆರ್‌ಇಎನ್ ಅಂತಾರೆ:

ಕ್ರೋಮಿಯಂ ಶೇಕಡಾ + (3.3 × ಮಾಲಿಬ್ಡಿನಂ ಶೇಕಡಾ) + (16 × ಸಾರಜನಕ ಶೇಕಡಾ)

ಈ ಲೆಕ್ಕದಲ್ಲಿ ಅಂದಾಜು ಅಂಕಗಳು ಹೀಗೆ:

- 304 (ಕ್ರೋಮಿಯಂ 18, ನಿಕಲ್ 8): 19
- 316 (ಕ್ರೋಮಿಯಂ 17, ನಿಕಲ್ 10ರ ಮೇಲೆ, ಮಾಲಿಬ್ಡಿನಂ 2ರ ಮೇಲೆ): 24
- 904ಎಲ್ (ಕ್ರೋಮಿಯಂ 20, ನಿಕಲ್ 25, ಮಾಲಿಬ್ಡಿನಂ 4ರ ಮೇಲೆ, ತಾಮ್ರ 1.5): 35
- 254 ಎಸ್‌ಎಂಒ (ಕ್ರೋಮಿಯಂ 20, ನಿಕಲ್ 18, ಮಾಲಿಬ್ಡಿನಂ 6, ಸಾರಜನಕ 0.2): 43

ಸಮುದ್ರದ ನೀರಿಗೆ ಸ್ಟೀಲು ಬೇಕಾದರೆ ಸಾಮಾನ್ಯವಾಗಿ 40ಕ್ಕಿಂತ ಹೆಚ್ಚಿನ ಅಂಕ ನೋಡ್ತಾರೆ. ಸ್ವೀಡನ್‌ನಲ್ಲಿ ಹುಟ್ಟಿದ 254 ಎಸ್‌ಎಂಒ ಉಪ್ಪುನೀರಿನ ಪೈಪು, ಸಮುದ್ರದ ನೀರು ಸಿಹಿ ಮಾಡೋ ಘಟಕಗಳಿಗೆ ಹೋಗುತ್ತೆ. 904ಎಲ್ ಮೊದಲು ಬಂದಿದ್ದು ಗಂಧಕಾಮ್ಲ ತಡೆಯೋಕೆ. ಮೈ ಬೆವರಿನ ಉಪ್ಪನ್ನೂ ತಡೆಯುತ್ತೆ ಅಂತ ರೋಲೆಕ್ಸ್ ಕಂಪನಿ ಕೈಗಡಿಯಾರಗಳಿಗೂ ಇದೇ ಬಗೆಯ ಸ್ಟೀಲು ಬಳಸುತ್ತೆ.

ಹಾಗಾದರೆ 904ಎಲ್ ಟ್ಯಾಂಕ್ ಮಾಡಿಸೋಣವಾ?

ನಾನೂ ಇದನ್ನೇ ಕೇಳಿದೆ. ಭಾವ ನಕ್ಕರು. ‘ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡ್ತೀಯಾ?’

ಕಾರಣ ಮೂರು. ಒಂದು, ನಿಕಲ್ ಮತ್ತು ಮಾಲಿಬ್ಡಿನಂ ದುಬಾರಿ ಲೋಹಗಳು, ಹಾಗಾಗಿ ಈ ಸ್ಟೀಲು 304ರ ಹಲವು ಪಟ್ಟು ಬೆಲೆ. ಎರಡು, ಇದನ್ನು ಬೆಸೆಯೋಕೆ ಅದಕ್ಕೇ ಆದ ವೆಲ್ಡಿಂಗ್ ಕಡ್ಡಿ, ಪಳಗಿದ ಕೈ ಬೇಕು. ಗೇಟು ಗ್ರಿಲ್ ಮಾಡೋ ಅಂಗಡಿಯಲ್ಲಿ ಬೆಸೆದರೆ ಜೋಡಣೆ ಜಾಗದಲ್ಲೇ ಶಕ್ತಿ ಹೋಗುತ್ತೆ. ಮೂರನೇದು ಬಹಳ ಮುಖ್ಯ: ನಾವು ಡ್ರಿಪ್ ಪೈಪ್ ತೊಳೆಯೋಕೆ ಬಳಸೋ ಹೈಡ್ರೋಕ್ಲೋರಿಕ್ ಆಸಿಡ್‌ಗೆ 904ಎಲ್ ಕೂಡ ಭರವಸೆಯ ಲೋಹ ಅಲ್ಲ. ಕ್ಲೋರೈಡ್ ಮತ್ತು ಆಮ್ಲ ಎರಡೂ ಒಂದೇ ಕ್ಯಾನಿನಲ್ಲಿ ಇರೋ ವಸ್ತು ಅದು.

ಅದಕ್ಕೆ 300 ರೂಪಾಯಿಯ ಪ್ಲಾಸ್ಟಿಕ್ ಡ್ರಮ್ಮು ಏನೂ ಆಗದೆ ನಿಲ್ಲುತ್ತೆ. ಅಪ್ಪ ಅಲ್ಲೇ ಕೂತು ಕಾಫಿ ಕುಡೀತಿದ್ದರು. ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು ಅಷ್ಟೇ.

ನೀವು ಏನು ಮಾಡಬೇಕು?

1. ಮೊದಲು ನೀರಿನ ಕ್ಲೋರೈಡ್ ತಿಳ್ಕೊಳ್ಳಿ. ಬೋರ್ ನೀರನ್ನು ಕೃಷಿ ವಿಜ್ಞಾನ ಕೇಂದ್ರ ಅಥವಾ ನೀರಿನ ಲ್ಯಾಬಲ್ಲಿ ಪರೀಕ್ಷೆ ಮಾಡಿಸಿ. ಪಿಎಚ್, ಇಸಿ ಮಾತ್ರ ನೋಡಿ ಬಿಡಬೇಡಿ. ವರದಿಯಲ್ಲಿ ಕ್ಲೋರೈಡ್ ‘ಮಿಲಿ ಈಕ್ವಿವಲೆಂಟ್’ ಲೆಕ್ಕದಲ್ಲಿ ಇದ್ದರೆ 35.5ರಿಂದ ಗುಣಿಸಿ, ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತೆ. ಉದಾಹರಣೆಗೆ 8 ಇದ್ದರೆ 284.

2. ಆ ಅಂಕೆ ನೋಡಿ ಗ್ರೇಡ್ ಆರಿಸಿ. 200ರ ಒಳಗಿದ್ದರೆ ಫಿಲ್ಟರ್ ಜಾಲರಿ, ಪಂಪಿನ ಭಾಗಗಳಿಗೆ 304 ನಡೆಯುತ್ತೆ. 200ರಿಂದ 1,000 ಇದ್ದರೆ 316 ಕೇಳಿ. ಅದಕ್ಕೂ ಮೇಲಿದ್ದರೆ ಮಾಮೂಲಿ ಸ್ಟೀಲಿನ ಆಸೆ ಬಿಟ್ಟು ಸಾಧ್ಯವಾದ ಕಡೆಯೆಲ್ಲ ಪ್ಲಾಸ್ಟಿಕ್ ಫಿಲ್ಟರ್, ಪ್ಲಾಸ್ಟಿಕ್ ಟ್ಯಾಂಕ್, ಪಿವಿಸಿ ಪೈಪಿಗೆ ಹೋಗಿ. ನೀರು ಬಿಸಿ ಇದ್ದರೆ, ಉದಾಹರಣೆಗೆ ಸೋಲಾರ್ ಹೀಟರ್‌ನಲ್ಲಿ, ಈ ಮಿತಿಗಳು ಇನ್ನೂ ಕೆಳಗೆ ಇಳಿಯುತ್ತವೆ.

3. ಎಂಒಪಿ ಮತ್ತು ಆಸಿಡ್ ಸ್ಟೀಲ್ ಪಾತ್ರೆಗೆ ಬೇಡ. ಎರಡಕ್ಕೂ ದಪ್ಪ ಎಚ್‌ಡಿಪಿಇ ಡ್ರಮ್ಮೇ ಸರಿ. ಡ್ರಿಪ್ಪಿಗೆ ಎಸ್‌ಒಪಿ (0-0-50) ಅಥವಾ 13-0-45 ಬಳಸಿದರೆ ಕ್ಲೋರೈಡ್ ಗೋಳು ಇರಲ್ಲ. 10 ಕೆಜಿ ಎಂಒಪಿಯಷ್ಟೇ ಪೊಟ್ಯಾಷ್‌ಗೆ 12 ಕೆಜಿ ಎಸ್‌ಒಪಿ ಬೇಕು. ಬೆಲೆ ಜಾಸ್ತಿ, ಕರಗೋದೂ ನಿಧಾನ. ಇದನ್ನು ಲೆಕ್ಕ ಹಾಕಿ ನಿರ್ಧಾರ ಮಾಡಿ.

4. ಆಸಿಡ್ ಟ್ರೀಟ್‌ಮೆಂಟ್ ಮಾಡುವಾಗ ಜಾಗ ನೋಡಿ. ಹೈಡ್ರೋಕ್ಲೋರಿಕ್ ಆಸಿಡ್ ಬಿಡೋದಾದರೆ ಸ್ಟೀಲ್ ಜಾಲರಿ ಇರೋ ಫಿಲ್ಟರ್ ದಾಟಿದ ಮೇಲೆ ಲೈನಿಗೆ ಬಿಡಿ. ಮುಗಿದ ಮೇಲೆ ಇಡೀ ಲೈನನ್ನು ಒಳ್ಳೇ ನೀರಲ್ಲಿ ತೊಳೆಯಿರಿ. ಯಾವಾಗಲೂ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

5. ನಿಲ್ಲಿಸಬೇಡಿ, ತೊಳೆಯಿರಿ. ಯಾವ ಗೊಬ್ಬರವಾದರೂ ಬಿಟ್ಟ ದಿನವೇ ಟ್ಯಾಂಕ್, ವೆಂಚುರಿ, ಫಿಲ್ಟರ್ ತೊಳೆದು ಬರಿದು ಮಾಡಿ. ತಳದಲ್ಲಿ ಗಸಿ ನಿಲ್ಲಬಾರದು. ಕೊನೆಯ ಹನಿಯೂ ಹೊರಗೆ ಹೋಗೋ ಹಾಗೆ ವಾಲ್ವ್ ತಳಕ್ಕೇ ಇರಲಿ. ನನ್ನ ಟ್ಯಾಂಕಿನ ವಾಲ್ವ್ ಎರಡು ಇಂಚು ಮೇಲಿತ್ತು.

6. ಹಾಲಿನ ಕ್ಯಾನ್ ಇರೋರು ಗಮನಿಸಿ. ಬ್ಲೀಚಿಂಗ್ ನೀರನ್ನು ಕ್ಯಾನಿನಲ್ಲಿ ರಾತ್ರಿಯಿಡೀ ಬಿಡೋ ಅಭ್ಯಾಸ ಬಿಡಿ. ಅದರಲ್ಲೂ ಕ್ಲೋರಿನ್ ಇದೆ. ಹೇಳಿದ ಪ್ರಮಾಣ, ಹೇಳಿದಷ್ಟೇ ನಿಮಿಷ, ಆಮೇಲೆ ಶುದ್ಧ ನೀರು. ತೊಳೆಯೋಕೆ ಕಬ್ಬಿಣದ ನಾರು ಬೇಡ. ಅದರ ಚೂರು ಅಂಟಿಕೊಂಡ ಜಾಗದಿಂದಲೇ ತುಕ್ಕು ಶುರುವಾಗುತ್ತೆ.

7. ಮಾಡಿಸುವಾಗ ವೆಲ್ಡಿಂಗ್ ನೋಡಿ. ಬೆಸೆದ ಜಾಗದ ಪಕ್ಕ ನೀಲಿ, ಕಂದು ಬಣ್ಣ ಉಳಿದಿದ್ದರೆ ಅಲ್ಲಿ ಪೊರೆ ಕೆಟ್ಟಿದೆ ಅಂತ ಅರ್ಥ. ಅದನ್ನು ಪೂರ್ತಿ ತೆಗೆದು ಸ್ವಚ್ಛ ಮಾಡಿಕೊಡೋಕೆ ಹೇಳಿ. ಕಬ್ಬಿಣದ ಗೇಟು ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೀಲಿಗೆ ಹಾಕೋಕೆ ಬಿಡಬೇಡಿ. ಬೆಸೆಯೋ ಕೆಲಸಕ್ಕೆ 304ಎಲ್ ಅಥವಾ 316ಎಲ್ ಒಳ್ಳೇದು. ‘ಎಲ್’ ಅಂದರೆ ಇಂಗಾಲ ಕಡಿಮೆ, ಬೆಸುಗೆ ಪಕ್ಕ ತುಕ್ಕಿನ ಭಯ ಕಡಿಮೆ.

8. ಮ್ಯಾಗ್ನೆಟ್ ನಂಬಬೇಡಿ. 202, 304, 316 ಮೂರಕ್ಕೂ ಆಯಸ್ಕಾಂತ ಅಷ್ಟಾಗಿ ಹಿಡಿಯಲ್ಲ. ಹಿಡಿಯಲಿಲ್ಲ ಅಂದ ಮಾತ್ರಕ್ಕೆ 304 ಅಲ್ಲ. ದೊಡ್ಡ ಮೊತ್ತದ ಕೆಲಸವಾದರೆ ಶೀಟಿನ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರ ಮೇಲಿನ ಹೀಟ್ ನಂಬರ್, ಶೀಟಿನ ಮೇಲಿನ ನಂಬರ್ ಎರಡನ್ನೂ ಹೋಲಿಸಿ, ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. 304 ಮತ್ತು 316 ನಡುವಿನ ವ್ಯತ್ಯಾಸಕ್ಕೆ ಮಾಲಿಬ್ಡಿನಂ ಪತ್ತೆ ಮಾಡೋ ಹನಿ ಪರೀಕ್ಷೆಯ ಕಿಟ್ ಸಿಗುತ್ತೆ.

9. ಮೂರು ತಿಂಗಳಿಗೊಮ್ಮೆ ಟಾರ್ಚ್ ಪರೀಕ್ಷೆ. ಟ್ಯಾಂಕ್ ಒಣಗಿಸಿ, ರಾತ್ರಿ ಮೊಬೈಲ್ ಟಾರ್ಚ್ ಒಳಗಿಟ್ಟು ಹೊರಗಿಂದ ನೋಡಿ. ಹಗಲಲ್ಲಿ ಒಳಗಿನ ತಳ, ಬೆಸುಗೆ, ಗ್ಯಾಸ್ಕೆಟ್ ಅಡಿಯ ಫೋಟೋ ತೆಗೆದು ಜೂಮ್ ಮಾಡಿ. ಕಂದು ಚುಕ್ಕಿ ಕಂಡರೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಬೇಡಿ, ಅದರ ಕೆಳಗೆ ಗುಳಿ ಇದೆಯಾ ನೋಡಿ.

ಕೊನೆಗೆ

ಹಬ್ಬ ಮುಗಿದ ಮೇಲೆ ಲ್ಯಾಬ್ ವರದಿ ಹಿಡ್ಕೊಂಡು ಮತ್ತೆ ಅಂಗಡಿಗೆ ಹೋದೆ. ಸಾಲಾಗಿ ಜನ ನಿಂತಿರುವಾಗ ಬೈದಿದ್ದೆ, ಹಾಗಾಗಿ ಜನ ಇರುವಾಗಲೇ ತಪ್ಪಾಯ್ತು ಅಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ‘ಟ್ಯಾಂಕು ಬೇಕು ಅಂದ್ರಿ, ಮಾಡಿದೆ. ಒಳಗೆ ಏನು ಹಾಕ್ತೀರಿ ಅಂತ ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ’ ಅಂದರು. ಈಗ ಅವರ ಆರ್ಡರ್ ಪುಸ್ತಕದಲ್ಲಿ ಅಳತೆ ಬರೆಯೋ ಜಾಗದ ಪಕ್ಕ ‘ಏನು ತುಂಬುತ್ತಾರೆ’ ಅಂತ ಒಂದು ಸಾಲು ಸೇರಿದೆ.

ನನ್ನ ತೋಟದಲ್ಲಿ ಈಗ ಎರಡು ಎಚ್‌ಡಿಪಿಇ ಡ್ರಮ್ ಇವೆ, ಒಂದು ಗೊಬ್ಬರಕ್ಕೆ, ಒಂದು ಆಸಿಡ್‌ಗೆ. ಫಿಲ್ಟರ್ ಜಾಲರಿ 316ಕ್ಕೆ ಬದಲಾಯಿಸಿದೆ. ದಾಳಿಂಬೆಗೆ ಎಸ್‌ಒಪಿ ಕೊಡ್ತಿದ್ದೀನಿ. ಆ ಸ್ಟೀಲ್ ಟ್ಯಾಂಕನ್ನು ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಚೆನ್ನಾಗಿ ತೊಳೆದು, ತೂತುಗಳಿಗೆ ಒಳಗಿಂದ ತೇಪೆ ಹಾಕಿಸಿ ಅಟ್ಟದ ಕೆಳಗೆ ಇಟ್ಟಿದ್ದೀವಿ. ಅಪ್ಪ ಅದರಲ್ಲಿ ರಾಗಿ ತುಂಬಿದ್ದಾರೆ. ನೀರಿಲ್ಲ, ಉಪ್ಪಿಲ್ಲ. ಈಗ ಅದು ನಿಜವಾಗಲೂ ಮಕ್ಕಳ ಕಾಲಕ್ಕೂ ಬರುತ್ತೆ.

ಈ ವಾರ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಬೋರ್ ನೀರಿನ ಒಂದು ಲೀಟರ್ ಬಾಟಲಿ ಲ್ಯಾಬಿಗೆ ಕೊಡಿ, ಕ್ಲೋರೈಡ್ ಎಷ್ಟು ಅಂತ ಕೇಳಿ. ಬಂದ ಅಂಕೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಪಂಪು, ಫಿಲ್ಟರ್, ಟ್ಯಾಂಕು ಕೊಳ್ಳುವಾಗ ಆ ಅಂಕೆಯನ್ನು ಅಂಗಡಿಯವರ ಮುಂದಿಟ್ಟೇ ಮಾತು ಶುರು ಮಾಡಿ.